ಕಾಜಾ ಮಾತ್ರ ಬಾಕಿ

ನಾನು ಓದು ನಿಲ್ಲಿಸಿದ್ದು ತೊಂಬತ್ತೊಂದನೇ ಇಸವಿಯಲ್ಲಿ, ಒಂಬತ್ತನೇ ಕ್ಲಾಸಿನ ನಡುವೆ. ನಿಲ್ಲಿಸಿದೆ ಅನ್ನುವುದು ನನ್ನ ಮಾತು. ನಮ್ಮ ಲೆಕ್ಕದ ಮೇಷ್ಟ್ರನ್ನು ಕೇಳಿದ್ದರೆ ಬೇರೆ ಥರ ಹೇಳುತ್ತಿದ್ದರೋ ಏನೋ. ಅದೇನೇ ಇರಲಿ, ಅವತ್ತಿನಿಂದ ಇವತ್ತಿನವರೆಗೆ ಕೈಕಟ್ಟಿ ಕೂತು ಒಂದು ತುತ್ತು ಉಂಡವನಲ್ಲ ನಾನು. ಇದನ್ನು ಮಾತ್ರ ಯಾರ ಮುಂದೆ ಬೇಕಾದರೂ ಎದೆ ತಟ್ಟಿಕೊಂಡು ಹೇಳುತ್ತೇನೆ.

ಈಗ ಇದೆಲ್ಲ ನೆನಪಾಗಿದ್ದು ಒಂದು ಸ್ಟೂಲಿನಿಂದ. ನಂಜನಗೂಡಿನ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಟೈಲರ್ ಅಂಗಡಿ ಇದೆ, ಗಂಡಸರ ಬಟ್ಟೆಗೆ ಮಾತ್ರ. ನಿನ್ನೆ ಕವಲಂದೆ ಕಡೆಯ ಒಬ್ಬ ಹೊಸ ಗಿರಾಕಿ ಬಂದು ಆ ಸ್ಟೂಲಿನ ಮೇಲೆ ಕೂತವನು, ಬಗ್ಗಿ ಅದರ ಕಾಲು ನೋಡಿದ.

"ಏನ್ ಟೈಲರಣ್ಣ, ಇಷ್ಟ್ ದೊಡ್ ಅಂಗಡಿ ಮಡಿಕಂಡು ಸ್ಟೂಲಿನ ಕಾಲ್ಗೆ ಬಟ್ಟೆ ಸುತ್ತಿದ್ದೀಯಲ್ಲ, ಏಟಾಗಿತ್ತಾ ಅದ್ಕೆ?"

"ಹೂಂ ಕಣಪ್ಪ. ಅಳೇ ಗಾಯ, ಬಿಚ್ಚಬ್ಯಾಡ."

"ಒಂದ್ ಪ್ಲಾಸ್ಟಿಕ್ ಕುರ್ಚಿ ತಂದಾಕ್ಬಾರ್ದಾ?"

ತರಬಹುದು. ಹಿಂದಿನ ಕೋಣೆಯಲ್ಲಿ ತಂದಿಟ್ಟ ಪ್ಲಾಸ್ಟಿಕ್ ಕುರ್ಚಿಗಳೂ ಇವೆ. ಆದರೆ ಈ ಸ್ಟೂಲನ್ನು ತೆಗೆಯಲು ನನಗೆ ಮನಸ್ಸು ಬರುವುದಿಲ್ಲ. ಯಾಕೆ ಅನ್ನುವುದನ್ನು ಆ ಗಿರಾಕಿಗೆ ಹೇಳಲು ಹೋಗಲಿಲ್ಲ. ಅವನ ಪ್ಯಾಂಟು ಇನ್ನೂ ಮುಗಿದಿರಲಿಲ್ಲ, ಕತೆ ಶುರು ಮಾಡಿದರೆ ಕೂತೇ ಬಿಡುತ್ತಿದ್ದ. ನಿಮಗೆ ಹೇಳುತ್ತೇನೆ. ನಿಮ್ಮ ಬಟ್ಟೆ ನನ್ನ ಹತ್ತಿರ ಇಲ್ಲ ಅನ್ನುವ ಧೈರ್ಯ.

ಅಂಗಡಿ ಮೊದಲು ನಮ್ಮ ಮಾವನದು. ಅಮ್ಮನ ತಮ್ಮ. ನಾನು ನಮ್ಮೂರು ಹೆಡತಲೆಯಲ್ಲಿ ಶಾಲೆ ಬಿಟ್ಟು ಮನೆಯಲ್ಲಿ ಯಾರ ಕಣ್ಣಿಗೂ ಬೀಳದ ಹಾಗೆ ಓಡಾಡಿಕೊಂಡಿದ್ದಾಗ, ಅವನು ಬಂದು ನನ್ನ ಕೈಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿ, "ಬೆರಳು ಸಣ್ಣಗವೆ, ಕಾಜಾಕ್ಕಾಯ್ತವೆ" ಅಂದು ಬಸ್ಸು ಹತ್ತಿಸಿದ. ಹಸು ಕೊಳ್ಳುವವರು ಹಲ್ಲು ನೋಡುವ ಹಾಗೆ ಬೆರಳು ನೋಡಿ ನನ್ನನ್ನು ಕರೆದುಕೊಂಡು ಹೋದ ಅಂತ ಅಮ್ಮ ಕೊನೆವರೆಗೂ ತಮ್ಮನನ್ನು ಆಡಿಕೊಳ್ಳುತ್ತಿದ್ದಳು.

ಕಾಜಾ ಅಂದರೆ ಗುಂಡಿ ತೂರಿಸುವ ಕಿಂಡಿ. ಶರಟಿಗೆ ಕಾಲರು, ತೋಳು, ಜೇಬು ಎಲ್ಲ ಆದ ಮೇಲೆ ಕಡೆಯ ಕೆಲಸ ಅದು. ಆಗ ಮಿಷಿನ್ನಿನಲ್ಲಿ ಹಾಕುವುದು ನಮ್ಮ ಬೀದಿಗೆ ಬಂದಿರಲಿಲ್ಲ. ಸೂಜಿಯಲ್ಲಿ ಒಂದೊಂದನ್ನೂ ಕೈಯಲ್ಲೇ ಹೊಲಿಯಬೇಕು. ಹಾಗಾಗಿ ಟೈಲರ್ ಅಂಗಡಿಗಳಲ್ಲಿ ಒಂದು ಪದ್ಧತಿ ಬೆಳೆದಿತ್ತು. ಗಿರಾಕಿ ಬಂದು "ಆಯ್ತಾ?" ಅಂದರೆ "ಇಲ್ಲ" ಅನ್ನಬಾರದು. ಅಂಗಡಿ ಬಾಗಿಲಲ್ಲಿ ಇಲ್ಲ ಅನ್ನುವ ಮಾತೇ ಕೆಟ್ಟದ್ದು ಅನ್ನುತ್ತಿದ್ದ ಮಾವ.

"ಮತ್ತೇನನ್ಬೇಕು ಮಾವ?"

"ಕಾಜಾ ಮಾತ್ರ ಬಾಕಿ ಅನ್ನು."

"ಬಟ್ಟೆ ಇನ್ನೂ ಗಂಟಲ್ಲೇ ಅದಲ್ಲ ಮಾವ, ಕತ್ರಿಸೇ ಇಲ್ವಲ್ಲ."

"ಕತ್ರಿಸ್ದೆ ಇದ್ರೆ ಕಾಜಾ ಆಗಿರ್ತದೇನ್ಲಾ? ಬಾಕಿ ತಾನೆ? ನಿಜಾನೇ ತಾನೆ ಏಳ್ತಿರೋದು?"

ನನಗೆ ಲೆಕ್ಕದಲ್ಲಿ ಇಂಥ ಮೇಷ್ಟ್ರು ಸಿಕ್ಕಿದ್ದರೆ ಓದು ನಿಲ್ಲಿಸುತ್ತಿರಲಿಲ್ಲ.

ಆ ಸ್ಟೂಲೂ ಮಾವನ ಕೆಲಸವೇ. ಅದರ ಒಂದು ಕಾಲನ್ನು ಅವನೇ ಗರಗಸದಲ್ಲಿ ಬೆರಳಗಲ ಕುಯ್ದು ಗಿಡ್ಡ ಮಾಡಿದ್ದ. ನೋಡಿದವರು ಮರ್ಯಾದೆಯಾಗಿ ಸ್ಟೂಲು ಹಾಕಿದ್ದಾರೆ ಅಂದುಕೊಳ್ಳಬೇಕು. ಕೂತವರು ಕುಕ್ಕುಟು ಕುಕ್ಕುಟು ಅಂತ ಆಡಿ ಆಡಿ ಬೇಸತ್ತು, "ನಾಳೆ ಬತ್ತೀನಿ ಬಿಡಣ್ಣ" ಅಂತ ತಾವೇ ಎದ್ದು ಹೋಗಬೇಕು. ಕಾಲು ನೆಲಕ್ಕೆ ತಾಗದ ಆ ಸ್ಟೂಲು ಎಷ್ಟು ಜನ ಗಿರಾಕಿಗಳನ್ನು ನಗುನಗುತ್ತಾ ಮನೆಗೆ ಕಳಿಸಿದೆಯೋ ಲೆಕ್ಕವಿಲ್ಲ.

ಇನ್ನು ನನ್ನ ಎಡಗೈ ವಿಷಯ ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ನಾನು ಹುಟ್ಟು ಎಡಚ. ಸ್ಲೇಟಿನ ಮೇಲೆ ಎಡಗೈಯಲ್ಲಿ ಅ ಬರೆದ ದಿನವೇ ಗೆಣ್ಣಿಗೆ ಪೆಟ್ಟು ಬಿದ್ದಿತ್ತು. ದೇವಸ್ಥಾನದಲ್ಲಿ ತೀರ್ಥಕ್ಕೆ ಎಡಗೈ ಚಾಚಿದರೆ ಪೂಜಾರಪ್ಪ ಉದ್ಧರಣೆಯನ್ನು ಹಿಂದಕ್ಕೆ ಎಳೆದುಕೊಂಡು ಬಿಡುತ್ತಿದ್ದರು. ಅಂಗಡಿಗೆ ಬಂದರೆ ಅಲ್ಲೂ ಕತ್ತರಿ ಬಲಗೈಯವರದು. ಅದನ್ನು ಎಡಗೈಯಲ್ಲಿ ಹಿಡಿದರೆ ಬಟ್ಟೆ ಕತ್ತರಿಸುವುದಿಲ್ಲ, ಮಡಚಿಕೊಳ್ಳುತ್ತದೆ. ಹೆಬ್ಬೆಟ್ಟನ್ನು ಒಳಗೆ ಒತ್ತಿ, ಮಣಿಕಟ್ಟನ್ನು ಸೊಟ್ಟ ಮಾಡಿ, ಅದೇ ಕತ್ತರಿಯನ್ನು ಪಳಗಿಸಿಕೊಳ್ಳುವ ಹೊತ್ತಿಗೆ ಬೆರಳ ತುಂಬ ಬೊಬ್ಬೆ. ಆದರೂ ಮಾವ ಕಣ್ಣು ಮುಚ್ಚುವ ಮುಂಚೆ, "ಇವ್ನು ಸೊಟ್ಟ ಕೈಯಲ್ಲಿ ನೆಟ್ಟಗೆ ಕತ್ರಿಸ್ತಾನೆ" ಅಂತ ನಾಲ್ಕು ಜನರ ಮುಂದೆ ಹೇಳಿದ. ಅದು ನನ್ನ ಸರ್ಟಿಫಿಕೇಟು.

ಈಗ ಸ್ಟೂಲಿಗೆ ಬರೋಣ. ಅದಕ್ಕೂ ಮುಂಚೆ ಕಂಪ್ಯೂಟರಿಗೆ ಹೋಗಬೇಕು.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು, ನಮ್ಮ ಬೀದಿಯ ಮಹಡಿಯ ಮೇಲೆ ಪುಟ್ಟಸ್ವಾಮಿ ಅನ್ನುವವನು ಬ್ರೌಸಿಂಗ್ ಸೆಂಟರ್ ತೆಗೆದ. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಪ್ಲೈವುಡ್ಡಿನ ಗೂಡುಗಳು, ಗೂಡಿಗೊಂದು ಕಂಪ್ಯೂಟರು, ಎಲ್ಲಕ್ಕೂ ಸೇರಿ ಒಂದು ಫ್ಯಾನು. ನಾನು ಮೊದಲು ಹೋಗಿದ್ದು ಒಬ್ಬ ಮದುಮಗ ಕೇಳಿದ ಕಾಲರಿನ ಚಿತ್ರ ನೋಡಲು. ಕಾಲರು ಸಿಕ್ಕಿತು. ಜೊತೆಗೆ ಪುಟ್ಟಸ್ವಾಮಿ ಇನ್ನೊಂದು ತೋರಿಸಿದ: ಕನ್ನಡದವರು ಕೂತು ಹರಟುವ ಒಂದು ಗುಂಪು. ಕೂತು ಅಂದರೆ ಅವರವರ ಊರಲ್ಲಿ ಕೂತು.

"ಇಲ್ಲಿ ಏನ್ ಮಾಡ್ತಾರೆ ಪುಟ್ಟಸ್ವಾಮಿ?"

"ಏನೂ ಮಾಡಲ್ಲ ಕಣಣ್ಣ, ಮಾತಾಡ್ತಾರೆ."

"ಅದ್ಕೆ ಕಂಪ್ಯೂಟ್ರು ಬೇಕಾ?"

"ಒಂದ್ಸಲ ಬರ್ದ್ ನೋಡಣ್ಣ, ಆಮೇಲ್ ಕೇಳು."

ಅವನು ಹೇಳಿದ್ದು ಸರಿ. ಆಮೇಲೆ ನಾನು ಕೇಳಲೇ ಇಲ್ಲ, ದಿನಾ ಸಂಜೆ ಅಂಗಡಿಯ ಹಲಗೆ ಜೋಡಿಸಿ ಮಹಡಿ ಹತ್ತುವುದು ರೂಢಿಯಾಯಿತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಬೇಕು. ನಾನು ಎಡಗೈಯ ಒಂದೇ ಬೆರಳಲ್ಲಿ, ಕೋಳಿ ಕಾಳು ಹೆಕ್ಕುವ ಹಾಗೆ. ಆ ಗುಂಪಿಗೆ ಒಂದು ಕಟ್ಟುಪಾಡು ಇತ್ತು: ಯಾರೂ ಯಾರ ಹೆಸರು, ಊರು, ಕೆಲಸ ಕೇಳಬಾರದು. ಎಲ್ಲರಿಗೂ ಒಂದೊಂದು ಇಟ್ಟುಕೊಂಡ ಹೆಸರು. ನಾನು "ಎಡಚ" ಅಂತ ಇಟ್ಟುಕೊಂಡೆ. ದಿನಾ ಒಬ್ಬರು "ಇವತ್ತಿನ ಕಿರಿಕಿರಿ" ಅಂತ ಶುರು ಮಾಡುತ್ತಿದ್ದರು, ಮಿಕ್ಕವರು ತಮ್ಮ ತಮ್ಮ ಕಿರಿಕಿರಿ ಸೇರಿಸುತ್ತಿದ್ದರು. "ಸಂಜೆ ಪೇಪರ್" ಅನ್ನುವವರು ದೊಡ್ಡ ತಮಾಷೆಗಾರರು. ಅವರ ಮನೆ ಪೇಪರನ್ನು ಪಕ್ಕದ ಮನೆಯವರು ಓದಿ, ಪದಬಂಧ ತುಂಬಿ, ಅದೂ ತಪ್ಪು ತುಂಬಿ ವಾಪಸು ಕೊಡುತ್ತಿದ್ದರಂತೆ. "ಒಗ್ಗರಣೆ" ಅನ್ನುವ ಹೆಸರಿನ ಹೆಂಗಸೊಬ್ಬರಿದ್ದರು. ಬರೆದರೆ ಹೆಸರಿಗೆ ತಕ್ಕ ಹಾಗೆ ಚಟಚಟ. ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಎಣಿಸುತ್ತಿರುವಾಗಲೇ ಮನೆಯವರು ಮಾತಾಡಿಸುತ್ತಾರೆ ಅನ್ನುವ ಒಂದು ವಿಷಯಕ್ಕೆ ಅವರು ಬರೆದದ್ದನ್ನು ಓದಿ ನಾನು ಗೂಡಿನೊಳಗೆ ಒಬ್ಬನೇ ನಕ್ಕಿದ್ದಕ್ಕೆ ಪಕ್ಕದ ಗೂಡಿನವನು ಎದ್ದು ನೋಡಿದ್ದ.

ನನ್ನ ಕಿರಿಕಿರಿ ಎಲ್ಲ ಎಡಗೈಯದು. ಎಡಗೈಯವರಿಗೆ ಕತ್ತರಿ ಯಾಕೆ ಮಾಡುವುದಿಲ್ಲ? ಮದುವೆ ಮನೆಯ ಪಂಕ್ತಿಯಲ್ಲಿ ಎಡಗೈಯಲ್ಲಿ ಉಂಡರೆ ಬಡಿಸುವವನು ಸೌಟು ಹಿಡಿದು ನಿಂತು ಬುದ್ಧಿ ಹೇಳುತ್ತಾನೆ, ಪಕ್ಕದವನ ಮೊಣಕೈ ನನ್ನ ಮೊಣಕೈಗೆ ಬಡಿಯುತ್ತದೆ. ಬಲಗೈಯಲ್ಲಿ ಉಂಡರೆ ಸಾರೆಲ್ಲ ಅಂಗಿಯ ತೋಳಿಗೆ. ಇದನ್ನು ಬರೆದ ದಿನ ಒಗ್ಗರಣೆಯವರು ಉತ್ತರ ಕೊಟ್ಟರು: "ಎಡಚ ಅವರೇ, ಪಂಕ್ತಿಯ ಎಡತುದಿಯಲ್ಲಿ ಗೋಡೆ ಪಕ್ಕ ಕೂತುಕೊಳ್ಳಿ. ಗೋಡೆ ಬುದ್ಧಿ ಹೇಳಲ್ಲ."

ಎಡಚ ಅವರೇ. ಇದನ್ನು ನೀವು ಸ್ವಲ್ಪ ಗಮನಿಸಬೇಕು. ನನ್ನ ಅಂಗಡಿಗೆ ಬರುವವರು ನನಗಿಂತ ಚಿಕ್ಕವರಾದರೂ "ಏನಯ್ಯ, ಆಯ್ತೇನಯ್ಯ" ಅನ್ನುತ್ತಾರೆ. ಅದು ತಪ್ಪು ಅಂತಲ್ಲ, ಬೀದಿಯ ಮಾತು ಹಾಗೆ. ಆದರೆ ಆ ಮಹಡಿಯ ಮೇಲೆ, ಆ ಪ್ಲೈವುಡ್ಡಿನ ಗೂಡಿನಲ್ಲಿ, ನಾನು "ನೀವು". ನಾನು ಎಷ್ಟನೇ ಕ್ಲಾಸು ಓದಿದ್ದೇನೆ ಅಂತ ಅಲ್ಲಿ ಯಾರೂ ಕೇಳಿರಲಿಲ್ಲ. ಸಂಜೆ ಪೇಪರಿನವರು ಒಂದು ಸಲ "ಎಡಚ ಅವರು ಮೇಷ್ಟ್ರಿರಬೇಕು, ಎಲ್ಲದಕ್ಕೂ ಅಳತೆ ಕೇಳ್ತಾರೆ" ಅಂತ ಬರೆದಿದ್ದರು. ನಾನು ಹೌದೂ ಅನ್ನಲಿಲ್ಲ, ಇಲ್ಲ ಅನ್ನುವುದಂತೂ ನಮ್ಮ ಮಾವನ ಶಾಲೆಯಲ್ಲಿ ಕಲಿಸಿಯೇ ಇರಲಿಲ್ಲ.

ಆ ವರ್ಷ ಮೇ ತಿಂಗಳಲ್ಲಿ ಒಂದು ಶಾಲೆಯ ಯೂನಿಫಾರಂ ಪೂರ್ತಿ ನನಗೇ ಬಂತು. ಅಂಗಡಿಯ ತುಂಬ ನೀಲಿ ಚಡ್ಡಿ. ಅದಕ್ಕೂ ಮುಂಚೆ ಒಬ್ಬ ನರ್ಸಮ್ಮ ಗಂಡನನ್ನು ಕರೆದುಕೊಂಡು ಬಂದು ಸಫಾರಿ ಸೂಟು ಹೊಲಿಯಲು ಬಟ್ಟೆ ಕೊಟ್ಟು ಹೋಗಿದ್ದರು. ಆಯಮ್ಮನ ಮನೆ ತಿ. ನರಸೀಪುರ, ಕೆಲಸ ನಂಜನಗೂಡಿನಲ್ಲಿ, ದಿನಾ ಬಸ್ಸಲ್ಲಿ ಓಡಾಟ. ನಮ್ಮ ಬೀದಿಯಲ್ಲಿ ಎಲ್ಲರೂ ನರ್ಸಮ್ಮ ಅನ್ನುತ್ತಿದ್ದರಿಂದ ಹೆಸರು ನನಗೆ ಗೊತ್ತಿರಲಿಲ್ಲ. ಗಂಡನಿಗೆ ಚಿಕ್ಕಂದಿನಿಂದ ಸಫಾರಿ ಹಾಕಬೇಕು ಅನ್ನುವ ಆಸೆಯಂತೆ. ಆ ಹೊತ್ತಿಗೆ ಸಫಾರಿ ಹೊಲಿಸುವವರು ಯಾರೂ ಉಳಿದಿರಲಿಲ್ಲ. ಅಳತೆಗೆ ನಿಂತಾಗ ಅವರು ಉಸಿರು ಬಿಗಿಹಿಡಿದು, ಹೊಟ್ಟೆ ಒಳಗೆಳೆದುಕೊಂಡು, ನೆಟ್ಟಗೆ ಪೊಲೀಸರ ಹಾಗೆ ನಿಂತಿದ್ದರು.

"ಮಗಳ ನಿಶ್ಚಿತಾರ್ಥಕ್ಕೆ ಕಣಪ್ಪ. ಅವತ್ತು ತಪ್ಪಿದ್ರೆ ಇವ್ರು ಇನ್ಯಾವತ್ತೂ ಆಕಲ್ಲ" ಅಂದಿದ್ದರು ನರ್ಸಮ್ಮ.

"ನೀವು ಯೋಚ್ನೆ ಮಾಡ್ಬೇಡಿ ಕಣಮ್ಮ" ಅಂದಿದ್ದೆ. ಆಯಮ್ಮ ಬಂದು ಕೇಳಿದಾಗಲೆಲ್ಲ ನಾನು ನೀಲಿ ಚಡ್ಡಿಗಳ ಮಧ್ಯದಿಂದ ತಲೆ ಎತ್ತಿ "ಕಾಜಾ ಮಾತ್ರ ಬಾಕಿ ಕಣಮ್ಮ" ಅಂದೆ. ಆಯಮ್ಮ ಸ್ಟೂಲಿನ ಮೇಲೆ ಕೂತು, ಕುಕ್ಕುಟು ಅಂದು, ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಹೋದರು.

ಒಂದು ಸಂಜೆ ಮಹಡಿಯ ಮೇಲೆ ನೋಡುತ್ತೇನೆ, ಇವತ್ತಿನ ಕಿರಿಕಿರಿ ಒಗ್ಗರಣೆಯವರದು. "ನಮ್ಮ ಟೈಲರ್ ಮಹಾರಾಯ ನಮ್ಮ ಮನೆಯವರ ಬಟ್ಟೆ ಇಟ್ಟುಕೊಂಡು ಆಟ ಆಡಿಸ್ತಿದ್ದಾನೆ. ಹೋದಾಗಲೆಲ್ಲ ಕಾಜಾ ಮಾತ್ರ ಬಾಕಿ ಅಂತಾನೆ. ಭಾನುವಾರ ಮನೆಯಲ್ಲಿ ಶುಭಕಾರ್ಯ. ಅವನನ್ನು ಏನು ಮಾಡೋದು ಹೇಳಿ."

ಆಗಲೇ ನಿಮಗೆ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ. ಯಾಕೆ ಅಂದರೆ ಕಾಜಾ ಮಾತ್ರ ಬಾಕಿ ಅನ್ನದ ಟೈಲರ್ ಈ ಭೂಮಿ ಮೇಲೆ ಎಲ್ಲಿದ್ದಾನೆ? ಒಗ್ಗರಣೆಯವರು ಎಲ್ಲಿಯವರೋ, ಅವರ ಟೈಲರ್ ಯಾವನೋ. ಗುಂಪಿನವರೆಲ್ಲ ಟೈಲರುಗಳ ಮೇಲೆ ಬಿದ್ದರು. "ಆ ಆಸಾಮಿ ಬಟ್ಟೆ ಮುಟ್ಟೇ ಇರಲ್ಲ" ಅಂದರೊಬ್ಬರು. "ಅವನಿಗೆ ಕಾಜಾ ಮಹಾರಾಜ ಅಂತ ಬಿರುದು ಕೊಡೋಣ" ಅಂದರು ಸಂಜೆ ಪೇಪರ್. ಅವರೆಲ್ಲ ಸುಮ್ಮನೆ ಬೈಯುತ್ತಿದ್ದಾರೆ, ಉಪಾಯ ಯಾರಿಗೂ ಗೊತ್ತಿಲ್ಲ ಅನ್ನುವುದು ನೋಡಿ ನನಗೆ ಕೈ ತುರಿಸಿತು. ನನಗೆ ಪೂರ್ತಿ ಗೊತ್ತಿರುವ ವಿಷಯ ಆ ಗುಂಪಿನಲ್ಲಿ ಬಂದಿದ್ದು ಅದೇ ಮೊದಲು. ಒಂದೇ ಬೆರಳಲ್ಲಿ ಕುಟ್ಟಿದೆ ನೋಡಿ:

"ಒಗ್ಗರಣೆಯವರೇ, ನಂಬಬೇಡಿ. ಕಾಜಾ ಬಾಕಿ ಅಂದರೆ ಬಟ್ಟೆ ಇನ್ನೂ ಗಂಟಿನಲ್ಲಿದೆ ಅಂತ ಅರ್ಥ. ಕಾಜಾ ಹಾಕದೆ ಇರುವುದನ್ನೇ ತೋರಿಸಿ ಅನ್ನಿ, ಬಾಯಿ ಬಿಡ್ತಾನೆ. ಆಮೇಲೆ ಏಳಬೇಡಿ. ಊಟದ ಕ್ಯಾರಿಯರ್ ತಗೊಂಡು ಹೋಗಿ ಅಂಗಡಿಯಲ್ಲೇ ಕೂತುಬಿಡಿ. ಸ್ಟೂಲು ಆಡ್ತಿದ್ದರೆ ಕಾಲಿಗೆ ಏನಾದರೂ ಕೊಟ್ಟು ಕೂರಿ, ಅದನ್ನು ಬೇಕಂತಲೇ ಹಾಗೆ ಮಾಡಿರ್ತಾರೆ. ಗಿರಾಕಿ ಕ್ಯಾರಿಯರ್ ಸಮೇತ ಕೂತರೆ ಯಾವ ಟೈಲರಿಗೂ ಬೇರೆಯವರ ಬಟ್ಟೆ ಮುಟ್ಟಲು ಕೈ ಬರಲ್ಲ."

ಎಲ್ಲರೂ ಬೆರಗಾದರು. "ಇಷ್ಟೆಲ್ಲ ಹೇಗೆ ಗೊತ್ತು ಸಾರ್?" ಅಂದರು ಸಂಜೆ ಪೇಪರ್.

"ನಮ್ಮ ಸಂಬಂಧಿಕರಲ್ಲಿ ಒಬ್ಬರು ಟೈಲರ್ ಇದ್ದಾರೆ" ಅಂತ ಬರೆದು, ಮೆಟ್ಟಿಲನ್ನು ಎರಡೆರಡಾಗಿ ಇಳಿದು, ಮನೆಗೆ ಹೋಗಿ ಒಂದು ಮುದ್ದೆ ಜಾಸ್ತಿ ಉಂಡೆ.

ಎರಡು ದಿನ ಬಿಟ್ಟು, ಬೆಳಿಗ್ಗೆ ಅಂಗಡಿ ಕಸ ಹೊಡೆದು ಆಗತಾನೆ ಊದುಬತ್ತಿ ಹಚ್ಚಿದ್ದೆ. ನರ್ಸಮ್ಮ ಬಂದರು. ಯೂನಿಫಾರಂ ಸೀರೆ ಇರಲಿಲ್ಲ, ರಜ ಹಾಕಿದ್ದರು.

"ಏನಪ್ಪ, ಆಯ್ತಾ?"

"ಕಾಜಾ ಮಾತ್ರ ಬಾಕಿ ಕಣಮ್ಮ."

"ತೋರ್ಸು."

"ಏನಮ್ಮ?"

"ಕಾಜಾ ಆಕ್ದೆ ಇರೋದನ್ನೇ ತೋರ್ಸು, ನೋಡ್ತೀನಿ."

ನನ್ನ ಬಾಯಿ ತೆರೆಯಿತು. ತೆರೆದೇ ಇತ್ತು. ಆಗ ಆಯಮ್ಮ ಬೆನ್ನ ಹಿಂದೆ ಇಟ್ಟುಕೊಂಡಿದ್ದ ಇನ್ನೊಂದು ಕೈಯನ್ನು ಮುಂದೆ ತಂದರು. ಕೈಯಲ್ಲಿ ಮೂರು ಅಂತಸ್ತಿನ ಸ್ಟೀಲ್ ಕ್ಯಾರಿಯರ್.

ಅದನ್ನು ಕಟಿಂಗ್ ಟೇಬಲ್ಲಿನ ಮೇಲೆ ಟಣ್ ಅಂತ ಇಟ್ಟರು. ನೆಲದ ಮೇಲೆ ಬಿದ್ದಿದ್ದ ನೀಲಿ ಚಡ್ಡಿಯ ಚೂರು ಎತ್ತಿಕೊಂಡು, ನಾಲ್ಕು ಸುತ್ತು ಸುತ್ತಿ ಸ್ಟೂಲಿನ ಗಿಡ್ಡ ಕಾಲಿಗೆ ಕಟ್ಟಿ, ಕೈಯಲ್ಲಿ ಅಲ್ಲಾಡಿಸಿ ನೋಡಿ, ಕೂತರು. ನಮ್ಮ ಮಾವ ಕುಯ್ದ ದಿನದಿಂದ ಮೊದಲನೇ ಸಲ ಆ ಸ್ಟೂಲು ಕುಕ್ಕುಟು ಅನ್ನಲಿಲ್ಲ.

ನೀಲಿ ಚಡ್ಡಿಗಳ ರಾಶಿಯ ಅಡಿಗೆ ಕೈ ಹಾಕಿದೆ. ಗಂಟು ಎಳೆದೆ. ಕಟ್ಟಿದ್ದ ದಾರ ಬಟ್ಟೆ ಅಂಗಡಿಯವರು ಕಟ್ಟಿದ್ದ ಹಾಗೇ ಇತ್ತು. ಆಯಮ್ಮ ದಾರವನ್ನು ನೋಡಿದರು, ನನ್ನನ್ನು ನೋಡಿದರು. ಬಟ್ಟೆ ಹಾಸಿ, ಚಾಕಿನಲ್ಲಿ ಗೆರೆ ಎಳೆದು, ಕತ್ತರಿ ತೆಗೆದುಕೊಂಡೆ. ತೆಗೆದುಕೊಂಡಿದ್ದು ಯಾವ ಕೈಯಲ್ಲಿ ಅಂತ ಹೇಳಬೇಕಾಗಿಲ್ಲ. ನನ್ನ ಕೈಯನ್ನು ನಾನೇ ಅಷ್ಟು ಶಪಿಸಿದ್ದು ಅದೇ ಮೊದಲು. ಬಲಗೈಯಲ್ಲಿ ಹಿಡಿಯೋಣ ಅಂತ ಒಂದು ಕ್ಷಣ ಯೋಚನೆ ಬಂತು. ಹಿಡಿದಿದ್ದರೆ ನರಸೀಪುರದವರ ಸಫಾರಿ ಎರಡು ಕರವಸ್ತ್ರ ಆಗುತ್ತಿತ್ತು.

ಆಯಮ್ಮ ತುಂಬ ಹೊತ್ತು ನನ್ನ ಕೈಯನ್ನೇ ನೋಡಿದರು.

"ಎಡಗೈಯಾ?"

"ಹೂಂ ಕಣಮ್ಮ. ಹುಟ್ಟಿದಾಗ್ಲಿಂದ."

"ಮದ್ವೆ ಮನೇಲಿ ಊಟಕ್ಕೆ ಕಷ್ಟ ಆಗ್ತದೇನೋ."

ನನ್ನ ಕತ್ತರಿ ನಿಂತಿತು. "ಆಯ್ತದೆ" ಅಂದೆ.

"ಎಲ್ ಕೂರ್ತೀಯ ಮತ್ತೆ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಎಡತುದೀಲಿ ಕಣಮ್ಮ. ಗೋಡೆ ಪಕ್ಕ."

"ಗೋಡೆ ಬುದ್ಧಿ ಏಳಲ್ಲ ಅಂತ್ಲಾ?"

ನಾನು ತಲೆ ಎತ್ತಲಿಲ್ಲ. ಎತ್ತುವುದು ಹೇಗೆ? ಆಮೇಲೆ ಸ್ಟೂಲಿನ ಕಡೆಯಿಂದ, ನಿಧಾನವಾಗಿ, ಒಂದೊಂದೇ ಮಾತು ಬಂತು:

"ನಿಮ್ಮ ಸಂಬಂಧಿಕ್ರಲ್ಲಿ ಯಾರೋ ಟೈಲರ್ ಇದ್ದಾರೆ ಅಂದ್ರಲ್ಲ. ಎಷ್ಟು ಅತ್ರದ ಸಂಬಂಧ?"

"ಬಾಳ ಅತ್ರ ಕಣಮ್ಮ" ಅಂದೆ.

ಆಯಮ್ಮ ನಕ್ಕ ನಗುವಿಗೆ ಎದುರಿನ ಸ್ಟೇಷನರಿ ಅಂಗಡಿಯವನು ಇಣುಕಿ ನೋಡಿದ. ನನಗೂ ನಗು ಬಂತು. ಆದರೆ ಆಯಮ್ಮ "ನಿಮ್ಮ" ಅಂದದ್ದನ್ನು ನಾನು ಕೇಳಿಸಿಕೊಂಡಿದ್ದೆ.

"ಇಷ್ಟೊತ್ತು ನೀನು ತಾನು ಅಂತಿದ್ರಿ. ಅಂಗೇ ಅನ್ನಿ ಕಣಮ್ಮ" ಅಂದೆ.

"ಅಲ್ಲಿ ನೀವು ಅಂದು ಇಲ್ಲಿ ನೀನು ಅನ್ನಕ್ಕೆ ಬಾಯಿ ಬರಲ್ಲ. ನೀವು ಕತ್ರಿಸಿ."

ಕತ್ತರಿಸಿದೆ. ಅವತ್ತು ಹೊಲಿದ ಹಾಗೆ ನಾನು ಯಾವತ್ತೂ ಹೊಲಿದಿಲ್ಲ. ಮಧ್ಯಾಹ್ನ ಕ್ಯಾರಿಯರ್ ಬಿಚ್ಚಿದರು. ಇಬ್ಬರಿಗಾಗುವಷ್ಟು ತಂದಿದ್ದರು. "ಎಡಗೈಲೇ ಉಣ್ಣಿ, ನಾನೇನೂ ಅನ್ನಲ್ಲ" ಅಂದರು. ಹುರುಳಿಕಾಳಿನ ಬಸ್ಸಾರು, ಅನ್ನ, ಮಾವಿನಕಾಯಿ ಉಪ್ಪಿನಕಾಯಿ. ಬಸ್ಸಾರಿಗೆ ಒಗ್ಗರಣೆ ಹೇಗಿತ್ತು ಅಂತ ನಾನು ಬರೆದರೆ ನೀವು ನರಸೀಪುರದ ಬಸ್ಸು ಹತ್ತುತ್ತೀರಿ. ಉಣ್ಣುತ್ತಾ ನಾನು ಕೇಳಿದೆ:

"ಅಮ್ಮ, ಗುಂಪಲ್ಲಿ ಏಳ್ಬಿಡ್ತೀರಾ?"

"ಏನಂತ?"

"ಕಾಜಾ ಮಹಾರಾಜ ನಾನೇ ಅಂತ. ಅವ್ರೆಲ್ಲ ನನ್ನ ಮೇಷ್ಟ್ರು ಅನ್ಕೊಂಡವ್ರೆ. ಒಂಬತ್ತನೇ ಕ್ಲಾಸಿಗೇ ನಿಲ್ಸ್ದೋನು ನಾನು."

ಆಯಮ್ಮ ಬೆರಳು ನೆಕ್ಕಿಕೊಂಡು, "ಅದು ನಿಮ್ಮ ವಿಷಯ. ನನ್ನ ವಿಷಯ ಸಫಾರಿ" ಅಂದರು. ಅಷ್ಟೇ. ಧೈರ್ಯ ಹೇಳಲೂ ಇಲ್ಲ, ಹೆದರಿಸಲೂ ಇಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಪ್ಯಾಂಟು ಮುಗಿದು ಇಸ್ತ್ರಿ ಆಯಿತು. ಅಂಗಿಯ ತೋಳು, ಬೆಲ್ಟು, ನಾಲ್ಕು ಜೇಬು ಎಲ್ಲ ಕೂತವು. ಆಯಮ್ಮ ಎದ್ದು ಸೆರಗು ಸರಿ ಮಾಡಿಕೊಂಡು "ಆಯ್ತಾ?" ಅಂದರು.

ನಾನು ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದೆ. ಉಳಿದಿರುವುದು ಒಂದೇ ಕೆಲಸ. ಹೇಗೆ ಹೇಳುವುದು? ಹೇಳಲೇಬೇಕು.

"ಅಮ್ಮ... ಕಾಜಾ ಮಾತ್ರ ಬಾಕಿ."

"ಏನೂ?"

"ದೇವ್ರಾಣೆ ಕಣಮ್ಮ! ಈ ಸಲ ನಿಜ!"

ಆಯಮ್ಮ ನಗುತ್ತಾ ಮತ್ತೆ ಕೂತರು. ಆ ಹೊತ್ತಿಗೆ ಕಾಜಾ ಹಾಕುವ ಮಿಷಿನ್ನು ಪಕ್ಕದ ಬೀದಿಗೆ ಬಂದಿತ್ತು, ಆದರೆ ಕರೆಂಟು ಹೋಗಿತ್ತು. ಹೊಸಿಲ ಬೆಳಕಿಗೆ ಕೂತು, ಸೂಜಿಗೆ ದಾರ ಪೋಣಿಸಿ, ಮಾವ ಕಲಿಸಿದ ಹಾಗೆ ಕೈಯಲ್ಲೇ ಹಾಕಿದೆ. ಎಷ್ಟೋ ವರ್ಷ ಆಗಿತ್ತು. ಬೆರಳು ಮರೆತಿರಲಿಲ್ಲ. ಹುಡುಗನಾಗಿದ್ದಾಗ ಆಯಾಸದ ಕೆಲಸ ಅನ್ನಿಸುತ್ತಿದ್ದದ್ದು ಅವತ್ತು ಹಾಗನ್ನಿಸಲಿಲ್ಲ. ಆಯಮ್ಮ ನೋಡುತ್ತಾ ಕೂತಿದ್ದವರು, ಕಡೆಯ ಗಂಟು ಹಾಕಿದಾಗ, "ಇದನ್ನ ದಿನಾ ಸುಳ್ಳಿಗೆ ಬಳಸ್ತೀರಲ್ಲ, ಇಷ್ಟ್ ಚೆನ್ನಾಗಿ ಬರೋದನ್ನ" ಅಂದರು.

ಮಾರನೇ ಸಂಜೆ ಮಹಡಿ ಹತ್ತಿದೆ. ಪುಟ್ಟಸ್ವಾಮಿ "ಯಾಕಣ್ಣ, ಜ್ವರವಾ?" ಅಂದ. ಗೂಡಿನಲ್ಲಿ ಕೂತು ನೋಡಿದರೆ ಒಗ್ಗರಣೆಯವರು ಆಗಲೇ ಬರೆದಿದ್ದರು: "ಎಡಚ ಅವರ ಉಪಾಯ ಫಲಿಸಿತು. ಬಟ್ಟೆ ಬಂತು. ಹೊಲಿಗೆ ತುಂಬಾ ಚೆನ್ನಾಗಿದೆ. ಟೈಲರ್ ಒಳ್ಳೆಯವರು." ಅದರ ಕೆಳಗೆ ಎಲ್ಲರೂ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಸಂಜೆ ಪೇಪರಿನವರು "ಎಡಚ ಅವರಂಥವರು ಊರಿಗೊಬ್ಬರಿದ್ದರೆ ಒಬ್ಬ ಟೈಲರೂ ಬಾಲ ಬಿಚ್ಚಲ್ಲ" ಅಂತ ಬರೆದಿದ್ದರು.

ಸುಮ್ಮನೆ ಇದ್ದುಬಿಡಬಹುದಾಗಿತ್ತು. ಆಯಮ್ಮ ಬಾಗಿಲು ಮುಚ್ಚಿಕೊಟ್ಟಿದ್ದರು, ನಾನು ಚಿಲಕ ಹಾಕಿಕೊಂಡರೆ ಆಗಿತ್ತು. ಆದರೆ ನೋಡಿ, ನಾನು ಹೊಲಿದದ್ದನ್ನು ಚೆನ್ನಾಗಿದೆ ಅಂದಿದ್ದಾರೆ, ಆ ಹೊಗಳಿಕೆ ಯಾವನೋ ಹೆಸರಿಲ್ಲದ ಟೈಲರಿಗೆ ಹೋಗುತ್ತಿದೆ. ನನಗೆ ಬಂದಿರುವುದು ಉಪಾಯ ಹೇಳಿದ ಹೊಗಳಿಕೆ. ನನಗೆ ಬೇಕಾದದ್ದು ಇದಲ್ಲ, ಅದು. ನನ್ನ ಸೊಕ್ಕು ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ಒಂದೊಂದೇ ಅಕ್ಷರ ಕುಟ್ಟಿದೆ: "ಆ ಟೈಲರ್ ನಾನೇ. ನನ್ನ ಅಂಗಡಿಗೇ ಕ್ಯಾರಿಯರ್ ಬಂತು. ನಾನು ಮೇಷ್ಟ್ರಲ್ಲ. ಹೊಲಿಗೆ ಮಾತ್ರ ನನ್ನದು."

ಕಳಿಸಿ, ಪರದೆ ನೋಡುತ್ತಾ ಕೂತೆ. ಯಾರೂ ಏನೂ ಬರೆಯಲಿಲ್ಲ. ಪಕ್ಕದ ಗೂಡಿನವನು ಎದ್ದು ಹೋದ, ಇನ್ನೊಬ್ಬ ಬಂದು ಕೂತ. ಇನ್ನು ಸಾಕು, ಇಳಿದು ಹೋಗೋಣ, ಮತ್ತೆ ಈ ಮಹಡಿ ಹತ್ತುವುದು ಬೇಡ ಅಂತ ಎದ್ದವನು ಇನ್ನೊಂದು ಸಲ ನೋಡಿದೆ. ಸಂಜೆ ಪೇಪರಿನವರು ಬರೆದಿದ್ದರು:

"ಎಡಚ ಅವರೇ, ನನ್ನದೊಂದು ಪ್ಯಾಂಟಿನ ಬಟ್ಟೆ ಎಷ್ಟೋ ದಿನದಿಂದ ಬೀರುವಿನಲ್ಲಿದೆ. ಕ್ಯಾರಿಯರ್ ನಾನೂ ತರಬೇಕಾ, ಅಥವಾ ನೀವೇ ಊಟ ಹಾಕ್ತೀರಾ?"

ಅವರೇ ಅಂದಿದ್ದರು. ನೀವೇ ಅಂದಿದ್ದರು. ಅದರ ಕೆಳಗೆ ಒಬ್ಬರಾದ ಮೇಲೊಬ್ಬರು, ತಮ್ಮ ತಮ್ಮ ಸೊಂಟದ ಅಳತೆ ಬರೆಯಲು ಶುರು ಮಾಡಿದರು. ನಾನು ಮತ್ತೆ ಕೂತೆ. ಪುಟ್ಟಸ್ವಾಮಿಗೆ, "ಇನ್ನರ್ಧ ಗಂಟೆ ಬರ್ಕೊಳ್ಳಪ್ಪ" ಅಂದೆ.

ಆಯಮ್ಮ ಕರೆದಿದ್ದರು, ಭಾನುವಾರ ನಿಶ್ಚಿತಾರ್ಥಕ್ಕೆ ನರಸೀಪುರಕ್ಕೆ ಹೋದೆ. ನರ್ಸಮ್ಮನ ಯಜಮಾನರು ಸಫಾರಿ ಹಾಕಿಕೊಂಡು ಬಾಗಿಲಲ್ಲೇ ನಿಂತು ಬಂದವರಿಗೆಲ್ಲ ಪನ್ನೀರು ಚಿಮುಕಿಸುತ್ತಿದ್ದರು. ನನ್ನನ್ನು ನೋಡಿ ಕಿವಿಯ ಹತ್ತಿರ ಬಗ್ಗಿ, "ಕಂಕುಳಲ್ಲಿ ಚೂರು ಇಡೀತದೆ ಕಣಯ್ಯ, ಯಾರ್ಗೂ ಏಳ್ಬ್ಯಾಡ" ಅಂದರು. ಹಿಡಿಯದೆ ಏನು? ಅಳತೆ ಕೊಡುವಾಗ ಉಸಿರು ಕಟ್ಟಿ ನಿಂತಿದ್ದರಲ್ಲ. ಊಟಕ್ಕೆ ಎಡತುದಿಯಲ್ಲಿ ಗೋಡೆ ಪಕ್ಕ ನನಗೆ ಅಂತ ಒಂದು ಎಲೆ ಹಾಕಿಸಿಟ್ಟಿದ್ದರು ಆಯಮ್ಮ. ಗೋಡೆ ಏನೂ ಅನ್ನಲಿಲ್ಲ.

ಆ ಗುಂಪು ಈಗ ಇಲ್ಲ. ಒಂದು ದಿನ ತೆರೆದರೆ ಬಾಗಿಲೇ ಇರಲಿಲ್ಲ, ಅದನ್ನು ನಡೆಸುತ್ತಿದ್ದವರು ಮುಚ್ಚಿಕೊಂಡು ಹೋದರಂತೆ. ಪುಟ್ಟಸ್ವಾಮಿಯೂ ಕಂಪ್ಯೂಟರುಗಳನ್ನು ಮಾರಿ ಮೊಬೈಲ್ ರಿಪೇರಿಗೆ ಕೂತಿದ್ದಾನೆ. ಮುಚ್ಚುವ ಮುಂಚೆ ಗುಂಪಿನವರೆಲ್ಲ ಸೇರಿ ನನಗೊಂದು ಪಾರ್ಸಲ್ ಕಳಿಸಿದ್ದರು. ಬಿಚ್ಚಿದರೆ ಎಡಗೈಯವರಿಗಾಗಿಯೇ ಮಾಡಿದ ಕತ್ತರಿ. ಸಂಜೆ ಪೇಪರಿನವರು ಎಲ್ಲೆಲ್ಲೋ ಹುಡುಕಿಸಿದ್ದರಂತೆ. ಕಣ್ಣಲ್ಲಿ ನೀರು ಬಂತು. ಆದರೆ ನನ್ನ ಹಣೆಬರಹ ನೋಡಿ: ಇಷ್ಟು ವರ್ಷ ಸೊಟ್ಟ ಕತ್ತರಿಗೆ ಪಳಗಿದ ಕೈ, ನೆಟ್ಟಗಿನ ಕತ್ತರಿಯಲ್ಲಿ ಒಂದು ಗೆರೆಯೂ ನೆಟ್ಟಗೆ ಕತ್ತರಿಸುವುದಿಲ್ಲ. ಅದನ್ನು ಗೋಡೆಗೆ, ಮಾವನ ಫೋಟೋದ ಪಕ್ಕ ನೇತುಹಾಕಿದ್ದೇನೆ. ದಿನಾ ಊದುಬತ್ತಿ ಇಬ್ಬರಿಗೂ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಮೂರು ಹೊಲಿಗೆ ಮಿಷಿನ್ನು, ಅವುಗಳ ಜೊತೆ ಬಟ್ಟೆಯ ಅಂಚು ಹೊಲಿಯುವ ಒಂದು ಓವರ್‌ಲಾಕು. ಬಳಸುವ ಕತ್ತರಿ ಒಂದು, ಬಳಸದ ಕತ್ತರಿ ಒಂದು. ಪ್ಲಾಸ್ಟಿಕ್ ಕುರ್ಚಿ ಎರಡು, ಕಾಲಿಗೆ ನೀಲಿ ಬಟ್ಟೆ ಸುತ್ತಿದ ಸ್ಟೂಲು ಒಂದು. ಹಬ್ಬಕ್ಕೆ ಫೋನ್ ಮಾಡಿ "ಎಡಚ ಅವರೇ" ಅನ್ನುವವರು ನಾಲ್ಕು ಜನ. ಮತ್ತೆ ಶೆಲ್ಫಿನ ಮೇಲೆ, ನರ್ಸಮ್ಮನ ಯಜಮಾನರು ಮೊಮ್ಮಗುವಿನ ನಾಮಕರಣಕ್ಕೆ ಅಂತ ಕೊಟ್ಟ ಸಫಾರಿ ಬಟ್ಟೆ, ಒಂದು ಜೊತೆ. ಈ ಸಲ ಉಸಿರು ಬಿಡಿಸಿ ಅಳತೆ ತೆಗೆದುಕೊಂಡಿದ್ದೇನೆ.

ಕಾಜಾ ಮಾತ್ರ ಬಾಕಿ.